ಹೊಗೆಯ ಸೋದರಮಾವ

ನಮ್ಮೂರಿನಲ್ಲಿ ಗಂಡಸರು ಕದ್ದು ಬೀಡಿ ಸೇದುವಂತಿಲ್ಲ. ಸೇದಲು ಅಡ್ಡಿಯೇನಿಲ್ಲ, ಆದರೆ ಸಂಜೆ ಮನೆ ಸೇರುವಷ್ಟರಲ್ಲಿ ಹೊಗೆ ಅವರಿಗಿಂತ ಮೊದಲೇ ಬಂದು ಮಾಳಿಗೆಯ ಮೇಲೆ ಕುಳಿತಿರುತ್ತದೆ. ಹೆಂಡತಿ ಅಂಗಳದಲ್ಲಿ ನಿಂತು ಒಮ್ಮೆ ತಲೆ ಎತ್ತಿದರೆ ಸಾಕು, ಗಂಡನ ದಿನ ಹೇಗೆ ಕಳೆಯಿತೆಂಬುದು ತಿಳಿಯುತ್ತದೆ. ಬೇರೆ ಊರುಗಳ ಹೊಗೆ ಎಲ್ಲಿಗೆ ಹೋಗುತ್ತದೋ ನಾನರಿಯೆ. ನಮ್ಮಲ್ಲಿ ಬೆಂಕಿ ಹಚ್ಚಿದವರ ಮನೆಗೆ ಹೋಗುತ್ತದೆ. ಒಲೆಯದಾಗಲಿ, ಕುಲುಮೆಯದಾಗಲಿ, ಹೊತ್ತು ಮುಳುಗುವ ವೇಳೆಗೆ ಎದ್ದು ಬಂದು ಕೂರುತ್ತದೆ, ತಾನಾಗಿ ಕರಗುವವರೆಗೆ ಜಾಗ ಬಿಡುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರು ಒದ್ದೆ ಕಸಬರಿಗೆಯಿಂದ ಬಳಿದು ತೆಗೆಯುತ್ತಾರೆ. ಹೆಣ್ಣು ಕೊಡುವವರು ನಮ್ಮಲ್ಲಿ ಮೊದಲು ಮಾಳಿಗೆ ನೋಡುತ್ತಾರೆ, ಆಮೇಲೆ ವರನನ್ನು.

ಬಳಿಯದೆ ಬಿಡುವ ಹೊಗೆ ಒಂದೇ, ಸತ್ತವರದು. ಚಿತೆಗೆ ಬೆಂಕಿ ಇಟ್ಟ ಮಗ ಹಿಂದಿರುಗಿ ನೋಡದೆ ಮನೆಗೆ ನಡೆಯುತ್ತಾನೆ, ತೆಳ್ಳಗಿನ ಬಿಳಿ ಹೊಗೆ ಅವನ ಹಿಂದೆಯೇ ಬರುತ್ತದೆ. ಹೂಳುವ ಮಂದಿ ಗೋರಿಯ ಹತ್ತಿರ ಲೋಬಾನ ಹಚ್ಚುತ್ತಾರೆ, ಅದೂ ಹಾಗೆಯೇ ಬರುತ್ತದೆ. ಆ ಹೊಗೆ ಮಾಳಿಗೆಯ ಮೇಲೆ ಇರುವಷ್ಟು ದಿನ ಮನೆಯವರು ಜೋರಾಗಿ ಮಾತಾಡುವುದಿಲ್ಲ. ಅದು ಕರಗಿದ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಾರೆ.

ಇನ್ನು ಮದುವೆಮನೆಯ ಹೊಗೆ ಸೋದರಮಾವನದು. ಅಡುಗೆಯ ಒಲೆ ಹೊತ್ತಿಸುವ ಮೊದಲು ಅವನು ಅಂಗೈಯಲ್ಲಿ ನೀರು ಹಿಡಿದು, ಹಿರಿಯರ ಎದುರಿಗೆ “ಈ ಹೊಗಿ ನಂದು” ಎಂದು ನೀರು ಬಿಡುತ್ತಾನೆ. ಅಲ್ಲಿಂದ ಮುಂದೆ ಆ ಮದುವೆಯ ಹೊಗೆಯೆಲ್ಲ ಅವನ ಮನೆಗೆ ಹೋಗಿ, ಹೊಸ ಜೋಡಿಯ ಮನೆ ಹಸನಾಗಿ ಉಳಿಯುತ್ತದೆ. ಇದು ದೊಡ್ಡ ಮರ್ಯಾದೆ. ಮನಸ್ಸು ಬದಲಿಸಿ “ನಂದಲ್ಲ” ಎಂದು ಮತ್ತೊಮ್ಮೆ ನೀರು ಬಿಟ್ಟರೆ ಹೊಗೆ ಒಲೆ ಹಚ್ಚಿದವರ ಬಳಿಗೇ ವಾಪಸು ಬರುತ್ತದೆ. ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದರೆಂದು ಒಬ್ಬ ಮಾವ ಹಾಗೆ ಮಾಡಿದ್ದ. ಅವನನ್ನು ಈಗಲೂ ಯಾರೂ ಊಟಕ್ಕೆ ಕರೆಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಕಸ್ತೂರೆವ್ವನ ಸಲುವಾಗಿ. ಊರಿನ ಬೆನ್ನಿಗಿರುವ ಗುಡ್ಡದ ಮೇಲೆ ಸಾಲಾಗಿ ಗಾಳಿಕಂಬಗಳಿವೆ, ಅವುಗಳ ರೆಕ್ಕೆ ತಿರುಗಿದರೆ ಊರಿಗೆ ಕರೆಂಟು. ಕಸ್ತೂರೆವ್ವ ಆ ಕಂಬಗಳ ಮೇಸ್ತ್ರಿ. ಕಂಬಗಳಿಲ್ಲದ ಕಾಲದಲ್ಲಿ ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಬೆಳಗಾದರೆ ಊರಿಗೆ ಊರೇ ಮಾಳಿಗೆ ಹತ್ತಿ ಮಸಿ ಬಳಿದು ತೆಗೆಯುತ್ತಿತ್ತಂತೆ, ಕೂಸುಗಳು ತೊಟ್ಟಿಲಲ್ಲೇ ಕೆಮ್ಮು ಕಲಿಯುತ್ತಿದ್ದವಂತೆ. ಹಿರಿಯರು ಬೇಸತ್ತು ಕಂಬ ಹಾಕಿಸಿದರು. ಹತ್ತಲು ಹಗುರ ಮೈ ಬೇಕೆಂದು ಹೆಂಗಸರನ್ನೇ ಕೆಲಸಕ್ಕೆ ಇಟ್ಟುಕೊಂಡರು. ಸೊಂಟಕ್ಕೆ ಹಗ್ಗ ಬಿಗಿದು, ಎಣ್ಣೆ ಡಬ್ಬಿ ತೂಗುಹಾಕಿಕೊಂಡು ಮೇಲೆ ಹೋದರೆ ಆ ಗಾಳಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಹಗ್ಗ ಜಗ್ಗಿ ಹೇಳಬೇಕು, ಹಗ್ಗ ಜಗ್ಗಿ ಕೇಳಬೇಕು. ಕಸ್ತೂರೆವ್ವನಿಗೆ ನೆಲದ ಮೇಲೂ ಅದೇ ರೂಢಿ. ಗಂಡನನ್ನು ಕರೆಯಬೇಕಾದರೆ ಹೆಸರು ಹಿಡಿಯುವ ಬದಲು ಅಂಗಿಯ ತುದಿ ಜಗ್ಗುತ್ತಿದ್ದಳು.

ಆ ಗಂಡ ಮೈಲಾರೆಪ್ಪ, ನನ್ನ ಸೈಕಲ್ ಅಂಗಡಿಯ ಎದುರಿಗೇ ಮಿರ್ಚಿ ಭಜಿ ಕರಿಯುವವ. ಒಳ್ಳೆಯ ಮನುಷ್ಯ, ಆದರೆ ಗಾಳಿ ಬಿದ್ದ ದಿನ ಅವನ ಮುಖ ನೋಡುವಂತಿರಲಿಲ್ಲ. ರೆಕ್ಕೆ ನಿಂತರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಎಣ್ಣೆ ಕಾಯುವುದಿಲ್ಲ. ಊರಿಗೆ ಊರೇ ಆ ದಿನ ಅವಲಕ್ಕಿ ನೆನೆಸಿಕೊಂಡು ತಿನ್ನಬೇಕು. ಕಂಬದ ಹೆಂಗಸರಿಗೆ ಮಾತ್ರ ಗಾಳಿ ಬರಲಿ ಬಿಡಲಿ ಪಗಾರ ತಪ್ಪುತ್ತಿರಲಿಲ್ಲ. ಹಸಿದವನ ಎದುರಿಗೆ ಉಂಡವನು ತೇಗಬಾರದು ಎನ್ನುತ್ತಾರೆ. ಅವರು ತೇಗುತ್ತಿರಲಿಲ್ಲ, ಆದರೂ ಊರಿಗೆ ಕೇಳಿಸುತ್ತಿತ್ತು.

ಅದನ್ನು ಚೆನ್ನಾಗಿ ಕೇಳಿಸಿಕೊಂಡವನು ಅಂದಾನೆಪ್ಪ. ಉಳ್ಳಾಗಡ್ಡಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವ. ಕೊಳೆತ ಉಳ್ಳಾಗಡ್ಡಿಯನ್ನೂ ಅವನು ಕೂಗಿದರೆ ಕೊಂಡವರು ನಗುನಗುತ್ತ ಹೊತ್ತುಕೊಂಡು ಹೋಗುತ್ತಿದ್ದರು. ಊರ ಅಧ್ಯಕ್ಷಗಿರಿಗೆ ನಿಂತಾಗ ಅವನು ಅಡತಿ ಅಂಗಡಿಯ ತಕ್ಕಡಿಯ ಮೇಲೆ ಹತ್ತಿ ನಿಂತು ಭಾಷಣ ಮಾಡಿದ.

“ಮಳಿ ಯಾಕ ಬರವಲ್ದು ಗೊತ್ತೈತೇನ್ರಿ? ಗುಡ್ಡದ ಮ್ಯಾಲೆ ಗಾಳಿನ್ನ ಎಮ್ಮಿ ಕಟ್ಟಿದಂಗ ಕಂಬಕ್ಕ ಕಟ್ಟಿ ಹಾಕ್ಯಾರ! ಗಾಳಿ ಬಿಟ್ರ ಅಲ್ಲ ಮೋಡ ಬರೂದು? ನೀವು ಅವಲಕ್ಕಿ ನೆನಸ್ಕೋತ ಕುಂದರ್ರಿ, ಕಂಬದವರು ಪಗಾರ ಎಣಿಸ್ಕೋತ ಕುಂದರ್ಲಿ. ಹೊಗಿ ಹೊಗಿ ಅಂತ ನಿಮಗ ಅಂಜಿಕಿ ಹಾಕ್ಯಾರ. ಹೊಗಿ ಅಂದ್ರ ಏನ್ರಿ? ಅನ್ನದ ಉಸುರು! ಹಚ್ಚ್ರಿ ಒಲಿ. ಹೊಗಿ ನಿಮ್ಮ ಮನಿಗೆ ಬರೂದು ಬ್ಯಾಡ, ನನ್ನ ಮನಿಗೆ ಬರ್ಲಿ. ಈ ಊರಿಗೆಲ್ಲಾ ನಾ ಸ್ವಾದರಮಾವ!”

ಸಿಳ್ಳೆ ಬಿದ್ದವು. ಅಣ್ಣತಮ್ಮಂದಿರಿಲ್ಲದ ಹೆಂಗಸರು ಕಣ್ಣೊರೆಸಿಕೊಂಡರು. ಕಸ್ತೂರೆವ್ವ ಹಿಂದೆ ನಿಂತಿದ್ದಳು, ಅಲ್ಲಿಂದಲೇ ಕೇಳಿದಳು: “ಅಂದಾನೆಪ್ಪಣ್ಣ, ನಿನ್ನ ಮನಿ ತುಂಬಿದ ಮ್ಯಾಲೆ?”

“ಮನಿ ತುಂಬಿದ್ರ ಎದಿ ಐತಲ್ಲವಾ!” ಎಂದು ಅವನು ಎದೆ ಬಡಿದುಕೊಂಡ.

ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಎಲ್ಲರೂ ತಿಳಿದರು. ಆ ಗಳಿಗೆಯಲ್ಲಿ ನನಗೂ ಹಾಗೇ ಅನಿಸಿತೆಂದರೆ ಅವನ ಗಂಟಲು ಎಂಥದಿರಬೇಕು ನೋಡಿ. ಅವನು ಗೆದ್ದ. ಅಧ್ಯಕ್ಷನಾದವನು ಪಂಚಾಯ್ತಿ ಕಟ್ಟೆಯ ಮೇಲೆ ಅಂಗೈಯಲ್ಲಿ ನೀರು ಹಿಡಿದು “ಊರ ಹೊಣೆ ನಂದು” ಎಂದು ಬಿಡುವುದು ಹಳೆಯ ಪದ್ಧತಿ. ಅಂದಾನೆಪ್ಪ ಅದನ್ನು ಹೇಳಿ, ಎರಡನೆಯ ಸಲ ನೀರು ಹಿಡಿದು “ಅಧ್ಯಕ್ಷ ಇರೂತನಕ ಊರ ಹೊಗಿಯೆಲ್ಲಾ ನಂದು” ಎಂದು ಸೇರಿಸಿದ. ಮೊದಲನೆಯ ಮಾತು ಯಾರಿಗೂ ನೆನಪುಳಿಯಲಿಲ್ಲ.

ಕಲ್ಲಿದ್ದಲಿನ ಗಾಡಿಗಳು ಬಂದವು. ಅದನ್ನು ಮಾರುವ ವಖಾರಿ ತೆರೆದವನು ಅಂದಾನೆಪ್ಪನ ಹೆಂಡತಿಯ ತಮ್ಮ ಎಂದು ಬೇರೆ ಹೇಳಬೇಕಿಲ್ಲ. ಮನೆಮನೆಯಲ್ಲಿ ಒಲೆ ಉರಿಯಿತು, ಸಂಜೆಯಾದರೆ ಊರ ಹೊಗೆಯೆಲ್ಲ ಎದ್ದು ಅಂದಾನೆಪ್ಪನ ಮನೆಯ ಕಡೆ ಹೊರಡುತ್ತಿತ್ತು. ಜನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದರು. ತಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿಕೊಂಡು, ಒಗ್ಗರಣೆಯ ಮೇಲೆ ಒಗ್ಗರಣೆ ಹಾಕಿಕೊಂಡು ಸುಖವಾಗಿದ್ದರು. ಮೈಲಾರೆಪ್ಪ ಕರೆಂಟಿನ ಒಲೆ ಮೂಲೆಗೆ ತಳ್ಳಿ ದೊಡ್ಡದೊಂದು ಇದ್ದಲ ಒಲೆ ಕಟ್ಟಿಸಿದ. ಗಾಳಿಯ ಹಂಗಿಲ್ಲದೆ ಮುಂಜಾನೆಯಿಂದ ಸಂಜೆಯವರೆಗೆ ಭಜಿ ಕರಿದ, ನಾನೂ ತಿಂದೆ.

ಕಂಬಗಳ ರೆಕ್ಕೆಗೆ ಬ್ರೇಕು ಹಾಕಿಸಿದರು. ಗಾಳಿಯನ್ನು ಬಿಡುಗಡೆ ಮಾಡಿದೆವೆಂದು ಅದಕ್ಕೊಂದು ಮೆರವಣಿಗೆಯೂ ಆಯಿತು. ಮಳೆ ತನಗೆ ಬೇಕಾದಾಗ ಬಂತು, ಬೇಡವಾದಾಗ ಬರಲಿಲ್ಲ. ಕೆಲಸ ಕಳೆದುಕೊಂಡ ಹೆಂಗಸರು ಕೇಳಲು ಹೋದಾಗ ಅಂದಾನೆಪ್ಪ, “ವಖಾರಿಯೊಳಗ ಕೆಲಸ ಇಲ್ಲೇನವಾ? ಮುಗಲಿಗೆ ಜೋತುಬೀಳೂದಕ್ಕಿಂತ ನೆಲದ ಮ್ಯಾಲೆ ಕುಂತು ಮಾಡ್ರಿ” ಎಂದ. ಕಸ್ತೂರೆವ್ವನ ಜೊತೆ ಹರೆಯದಿಂದಲೂ ಕಂಬ ಹತ್ತಿದ್ದ ಹುಸೇನಬಿ ಅಲ್ಲಿ ಇದ್ದಲು ಸೋಸಲು ಸೇರಿದಳು. ಅರ್ಧ ಪಗಾರ, ದುಪ್ಪಟ್ಟು ಕೆಮ್ಮು. ಕಸ್ತೂರೆವ್ವ ಸೇರಲಿಲ್ಲ. ಆಗಾಗ ಒಬ್ಬಳೇ ಎಣ್ಣೆ ಡಬ್ಬಿ ಹಿಡಿದು ಗುಡ್ಡ ಹತ್ತಿ, ನಿಂತ ರೆಕ್ಕೆಗಳ ಕೀಲಿಗೆ ಎಣ್ಣೆ ಬಿಟ್ಟು ಬರುತ್ತಿದ್ದಳು. ಎಣ್ಣೆ ಎಲ್ಲಿಯದೆಂದು ನಾನು ಕೇಳಲಿಲ್ಲ. ಮೈಲಾರೆಪ್ಪ ಮಾತ್ರ ಬಾಣಲೆಯ ಎಣ್ಣೆ ಬೇಗ ತೀರುತ್ತಿದೆ ಎಂದು ಗೊಣಗುತ್ತಿದ್ದ.

ಅಂದಾನೆಪ್ಪನ ಮನೆಯ ಮೇಲೆ ಹೊಗೆ ಬಳಿದು ಮುಗಿಯದಷ್ಟು, ಕರಗಲು ಎಡೆಯಿಲ್ಲದಷ್ಟು ಬೆಳೆಯಿತು. ಮೊದಲು ಮಾಳಿಗೆ ಮುಚ್ಚಿತು, ಆಮೇಲೆ ಗೋಡೆ, ಆಮೇಲೆ ಆ ಓಣಿಗೆ ಬೀಳುವ ಬಿಸಿಲು. ಆ ಓಣಿಯವರು ಹಗಲೇ ದೀಪ ಹಚ್ಚತೊಡಗಿದರು. ದೂರು ಹೇಳಿದ ಒಬ್ಬನನ್ನು ಊರಿನವರೇ ಹಿಡಿದು, “ಅವ ನಮ್ಮ ಸಲುವಾಗಿ ಸಾಯಾಕ ಹತ್ಯಾನ, ನಿನಗ ಬಿಸಲು ಬೇಕೇನು?” ಎಂದು ಗದರಿಸಿದರು. ದಿನಾ ಮುಂಜಾನೆ ಅಂದಾನೆಪ್ಪ ಬಾಗಿಲಿಗೆ ಬಂದು ನಿಂತು ಕೆಮ್ಮುತ್ತಿದ್ದ. ಮುಖದ ತುಂಬ ಮಸಿ. ನೆರೆದವರು ಅಳುತ್ತ ಹಾರ ಹಾಕುತ್ತಿದ್ದರು. ರಾತ್ರಿ ಅವನು ಮಲಗುವುದು ವಖಾರಿಯ ಹಿಂದಿನ ಕೋಣೆಯಲ್ಲಿ, ಬೆಳಗ್ಗೆ ಹಿಂಬಾಗಿಲಿಂದ ಬಂದು ಮುಂಬಾಗಿಲಲ್ಲಿ ಕೆಮ್ಮುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹಾರ ಹಾಕುತ್ತಿದ್ದರು. ಇದು ನನಗೆ ಇಂದಿಗೂ ಅರ್ಥವಾಗಿಲ್ಲ.

ಹೀಗಿರುವಾಗ ಮೈಲಾರೆಪ್ಪನ ತಾಯಿ ತಿಪ್ಪವ್ವ ತೀರಿಕೊಂಡಳು. ತುಂಬು ವಯಸ್ಸು, ಮಗನ ಭಜಿ ತಿಂದು ನೀರು ಕುಡಿದು ಮಲಗಿದವಳು ಏಳಲಿಲ್ಲ. ಮಧ್ಯಾಹ್ನ ಸ್ಮಶಾನಕ್ಕೆ ಹೋದೆವು, ಮೈಲಾರೆಪ್ಪ ಚಿತೆಗೆ ಬೆಂಕಿ ಇಟ್ಟ. ಪದ್ಧತಿಯಂತೆ ಹಿಂದೆ ನೋಡದೆ ನಡೆದ, ನಾವು ಅವನ ಹಿಂದೆ ನಡೆದೆವು. ಮನೆಗೆ ಬಂದು ಕಾಲು ತೊಳೆದು, ಹೊತ್ತು ಮುಳುಗುವ ತನಕ ಕಾದು, ತಲೆ ಎತ್ತಿ ನೋಡಿದ. ಮಾಳಿಗೆ ಬರಿದಾಗಿತ್ತು. ಸ್ಮಶಾನದ ಕಡೆಯಿಂದ ಎದ್ದ ತೆಳ್ಳಗಿನ ಬಿಳಿ ಹೊಗೆ ನಮ್ಮ ಕಣ್ಣೆದುರೇ ಊರ ಹೊಗೆಯ ಜೊತೆ ಸೇರಿ ಅಂದಾನೆಪ್ಪನ ಓಣಿಯ ಕಡೆ ತಿರುಗಿಬಿಟ್ಟಿತು.

“ಅವ್ವ ಬರ್ಲಿಲ್ಲ” ಎಂದ ಮೈಲಾರೆಪ್ಪ.

ಊರ ಹೊಗೆಯೆಲ್ಲ ನಂದು ಎಂದವನು ಸತ್ತವರ ಹೊಗೆ ಬಿಟ್ಟು ಎಂದಿರಲಿಲ್ಲ. ಕೇಳಿದವರಿಗೂ ಹೊಳೆದಿರಲಿಲ್ಲ. ಸಾವು ಬಂದ ಮನೆಯವರಿಗೆ ಮಾತ್ರ ಹೊಳೆಯುತ್ತಿತ್ತು, ಅವರು ನಾಚಿಕೆಯಿಂದ ಬಾಯಿ ಬಿಡುತ್ತಿರಲಿಲ್ಲ. ಮೈಲಾರೆಪ್ಪ ಮರುದಿನ ಸಂಜೆ ಆ ಓಣಿಗೆ ಹೋದಾಗ ಗೋಡೆಯ ಬದಿಗೆ ಮೊದಲೇ ಹಲವರು ನಿಂತಿದ್ದರಂತೆ. ತಲೆ ಎತ್ತಿ ಆ ಕರಿ ರಾಶಿಯನ್ನು ನೋಡುತ್ತ, ಒಬ್ಬರ ಮುಖ ಒಬ್ಬರು ನೋಡದಂತೆ. ಅವರಲ್ಲಿ ಹುಸೇನಬಿಯೂ ಇದ್ದಳು. ಅವಳ ಅಣ್ಣ ಸತ್ತು ತಿಂಗಳುಗಳಾಗಿದ್ದವು, ಅವನ ಗೋರಿಯ ಲೋಬಾನದ ಹೊಗೆ ಹುಡುಕಲು ಅವಳು ಕೆಲಸ ಬಿಟ್ಟ ಮೇಲೆ ದಿನಾ ಬರುತ್ತಿದ್ದಳು.

ಅಂದಾನೆಪ್ಪ ಹೊರಗೆ ಬಂದ. ಮೈಲಾರೆಪ್ಪ ಕೈ ಮುಗಿದು, “ಯಜಮಾನ್ರ, ನಮ್ಮವ್ವನ ಹೊಗಿಯೊಂದು ಬಿಟ್ಟು ಕೊಡ್ರಿ” ಎಂದ.

“ಹುಚ್ಚಪ್ಪಾ, ನಿಮ್ಮವ್ವ ನನಗೂ ಅವ್ವ ಅಲ್ಲೇನೋ?” ಎಂದು ಅಂದಾನೆಪ್ಪ ಅವನನ್ನು ಬಿಗಿಯಾಗಿ ಅಪ್ಪಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಜೊತೆಗಿದ್ದವರೆಲ್ಲ ಅತ್ತರು. ಕಸ್ತೂರೆವ್ವ ಹುಡುಕಿಕೊಂಡು ಹೋಗಿ ಅಂಗಿಯ ತುದಿ ಜಗ್ಗಿದಾಗ ಮೈಲಾರೆಪ್ಪ ಇನ್ನೂ ಅಲ್ಲೇ ನಿಂತಿದ್ದ. “ಕೇಳಾಕ ಹೋದ್ರ ಅಪ್ಪಿಕೊಂಡು ಕಳಿಸಿದ” ಎಂದು ಅವನು ನನಗೆ ಆಮೇಲೆ ಹೇಳಿದ. ಆದರೂ ದಿನಾ ಒಲೆ ಹಚ್ಚುತ್ತಿದ್ದ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಮಾತು ಮಾತ್ರ ಕಡಿಮೆಯಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಂದಾನೆಪ್ಪನ ಮನೆಯ ತೊಲೆ ಸೀಳಿತು. ಅಷ್ಟು ದಿನದ ಹೊಗೆ ಬರೀ ಹೊಗೆಯಾಗಿ ಉಳಿಯುವುದಿಲ್ಲ, ತೂಕ ಬರುತ್ತದೆ. ಮನೆ ಒಂದು ಬದಿಗೆ ಕುಸಿಯತೊಡಗಿತು. ಅಧ್ಯಕ್ಷನಾಗಿರುವ ತನಕ ಹೊಗೆ ಅವನದೇ. ಹಾಗೆಂದು ಸೋತೆನೆಂದು ಇಳಿಯುವವನೇ ಅವನು? ಮತ್ತೆ ತಕ್ಕಡಿಯ ಮೇಲೆ ಹತ್ತಿದ.

“ನಾ ಇಷ್ಟು ದಿನ ಹೊತ್ತೆ. ನನ್ನ ಮನಿ ನೋಡ್ರಿ, ನನ್ನ ಎದಿ ನೋಡ್ರಿ. ಈಗ ಕುಂತು ಟೀಕಾ ಮಾಡಿದವರು ಒಂದೀಟು ಹೊರಲಿ. ಆ ಕಂಬದ ಕಸ್ತೂರೆವ್ವ ಅಧ್ಯಕ್ಷಳಾಗ್ಲಿ, ಊರ ಹೊಗಿ ತನ್ನ ಮನಿಗೆ ತಗೊಳ್ಳಿ. ತಗೊಂಡ್ಳು ಅಂದ್ರ ಕಂಬ ಆಕಿ ಕೈಗೆ ಕೊಡೋಣ, ತಿರುಗಿಸ್ಕೊಳ್ಳಿ. ಇಲ್ಲಂದ್ರ ಆ ಕಬ್ಬಿಣ ಗುಜರಿಗೆ ಹಾಕಿ ನನ್ನ ಮನಿ ರಿಪೇರಿ ಮಾಡಿಸ್ರಿ. ನ್ಯಾಯ ಹೌದೋ ಅಲ್ಲೋ?”

“ಹೌದು ಹೌದು” ಎಂದರು ಎಂದರೆ ಕಡಿಮೆ, ಕುಣಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಹೀಗೆ. ಸಂತೆಯ ದಿನ ಸಂಜೆ ತೀರ್ಮಾನ ಎಂದಾಯಿತು. ಗುಜರಿಯವನು ಆಗಲೇ ಬಂದು ಕಂಬಗಳ ಬುಡ ತಟ್ಟಿ ನೋಡಿಕೊಂಡು ಹೋದ.

ಮರುದಿನ ಕಸ್ತೂರೆವ್ವ ಭಜಿ ಅಂಗಡಿಗೆ ಬಂದು ಗಂಡನ ಪಕ್ಕದ ಮಣೆಯ ಮೇಲೆ ಕುಳಿತು, “ನಾ ತಗೋತೀನಿ” ಎಂದಳು.

“ಮನಿ?” ಎಂದ ಮೈಲಾರೆಪ್ಪ.

“ಮನಿ ಬೀಳ್ತೈತಿ. ಗುಡ್ಡದ ಮ್ಯಾಲೆ ಎಣ್ಣಿ ಇಡೂ ಖೋಲಿ ಐತಲ್ಲ, ಅಲ್ಲಿ ಇರೂಣು.”

ಅವನು ಮೆಣಸಿನಕಾಯಿ ತಿರುವಿ ಹಾಕಿದ. ಅದು ಅವನ ಅಪ್ಪ ಕಟ್ಟಿದ ಮನೆ. ಅಲ್ಲೇ ಭಜಿ ತಿನ್ನುತ್ತಿದ್ದ ನನಗೆ ತಡೆಯಲಾಗಲಿಲ್ಲ. “ಅಧ್ಯಕ್ಷಳಾಗು, ಹೊಗಿ ಮಾತು ಹೇಳಬ್ಯಾಡ. ಅದೇನು ಪದ್ಧತಿಯೊಳಗ ಐತೇನು? ಅವ ಸೇರಿಸಿದ್ದು ಅದು” ಎಂದೆ.

“ಹೇಳದಿದ್ರ ಏನಾಗ್ತೈತಿ ಗೊತ್ತೈತೇನಣ್ಣ? ಇಷ್ಟು ದಿನದ್ದು ಒಮ್ಮೆಲೆ ಎಲ್ಲಾರ ಮನಿ ಮ್ಯಾಲೆ ಹೋಗಿ ಕುಂದರ್ತೈತಿ. ಮರುದಿನ ಮುಂಜಾನೆ ಕೊಡ್ಲಿ ಹಿಡಕೊಂಡು ಗುಡ್ಡಕ್ಕ ಬರ್ತಾರ. ಒಂದು ಕಂಬ ಉಳಿಸೂದಿಲ್ಲ. ನನಗ ಅಧ್ಯಕ್ಷಗಿರಿ ಏನ್ ಮಾಡೂದೈತಿ? ನನಗ ಕಂಬ ಬೇಕು. ಆ ಹೆಣ್ಣುಮಕ್ಕಳು ಇದ್ದಲ ಸೋಸೂದು ಬಿಟ್ಟು ಮ್ಯಾಲೆ ಹತ್ತಬೇಕು. ಅಷ್ಟ.”

ಅವಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಮೈಲಾರೆಪ್ಪ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ಮಿರ್ಚಿ ಸೀದುಹೋದವು.

ಸಂತೆಯ ದಿನ ಸಂಜೆ, ಹೊತ್ತು ಮುಳುಗುವ ಮೊದಲೇ, ಪಂಚಾಯ್ತಿ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಂದಾನೆಪ್ಪ ಕೊನೆಯ ಸಲ ಕೆಮ್ಮಿ ಜನರನ್ನು ಅಳಿಸಿದ. ಆಮೇಲೆ ಅಂಗೈಯಲ್ಲಿ ನೀರು ಹಿಡಿದು, “ಇನ್ನ ನಾ ಅಧ್ಯಕ್ಷ ಅಲ್ಲ, ಹೊಗಿ ನಂದಲ್ಲ” ಎಂದು ಬಿಟ್ಟ. ಅವನ ಓಣಿಯ ಕಡೆಯಿಂದ ತೊಲೆ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ಆ ಕರಿ ರಾಶಿ ನಿಧಾನವಾಗಿ ಮನೆ ಬಿಟ್ಟು ಮೇಲೆದ್ದು, ಎತ್ತ ಹೋಗುವುದೆಂದು ತಿಳಿಯದೆ ಊರ ಮೇಲೆ ನಿಂತಿತು. ಎಲ್ಲರೂ ಕಸ್ತೂರೆವ್ವನನ್ನು ನೋಡಿದರು.

ಅವಳು ಕಟ್ಟೆ ಹತ್ತಿ ನೀರು ಹಿಡಿದು, “ಊರ ಹೊಣೆ ನಂದು” ಎಂದು ಬಿಟ್ಟಳು. ಅಲ್ಲಿಗೆ ಅಧ್ಯಕ್ಷಳಾದಳು. ಮತ್ತೆ ನೀರು ಹಿಡಿದಳು. ಹೇಳಿಯೇ ಬಿಡುತ್ತಾಳೆಂದು ನನಗೆ ಖಾತ್ರಿಯಾಯಿತು.

“ಲಗೂನ ಹೇಳವಾ! ಹೊತ್ತು ಮುಳುಗಾಕ ಬಂತು!” ಎಂದು ಜನ ಕೂಗಿದರು.

ಮುಂದಿನ ಸಾಲಿನಿಂದ ಮೈಲಾರೆಪ್ಪ ಎದ್ದ. ಮೈಯೆಲ್ಲ ಎಣ್ಣೆಯ ಜಿಡ್ಡು, ಅಂಗಡಿಯಿಂದ ಹಾಗೆಯೇ ಬಂದಿದ್ದ.

“ಹೇಳಬ್ಯಾಡ” ಎಂದ.

“ನೀ ಕುಂದರು” ಎಂದಳು ಕಸ್ತೂರೆವ್ವ.

“ಮನಿ ಆಸೆಕ್ಕ ಹೇಳಾಕತ್ತಿಲ್ಲ. ಮನಿ ಬಿದ್ರ ಬೀಳ್ಲಿ. ಅದರಾಗ ಮಂದಿ ಮನಿ ಸತ್ತವರು ಅದಾರ, ಕಸ್ತೂರಿ. ಅವರನ್ನ ಅಂದಾನೆಪ್ಪ ಇಟ್ಕೊಂಡ, ಈಗ ನಾವು ಇಟ್ಕೊಳ್ಳೂದು? ಅವರವರ ಮನಿಗೆ ಹೋಗ್ಲಿ ಬಿಡು.”

ಹಿಂದಿನಿಂದ ಹುಸೇನಬಿ ಕೆಮ್ಮುತ್ತಲೇ, “ನಮ್ಮಣ್ಣನ್ನ ನನಗ ಕಳಿಸು ಕಸ್ತೂರೆವ್ವ” ಎಂದಳು. ಮತ್ತೊಬ್ಬ ಮುದುಕ, “ನನ್ನ ಹೇಣ್ತಿ” ಎಂದು ಅಷ್ಟೇ ಹೇಳಿದ. ಉಳಿದವರು ಮತ್ತೆ ಕೂಗತೊಡಗಿದರು, ಕೆಲವರು ಕೆಟ್ಟ ಮಾತು ಬೈದರು. ಕಸ್ತೂರೆವ್ವ ಗಂಡನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಬೆರಳು ಸಡಿಲಿಸಿದಳು. ನೀರು ಅವಳ ಕಾಲ ಮೇಲೆಯೇ ಚೆಲ್ಲಿತು, ಹೊಗೆಯ ಮಾತು ಅವಳು ಹೇಳಲಿಲ್ಲ.

ಹೊತ್ತು ಮುಳುಗಿತು. ಊರ ಮೇಲೆ ನಿಂತಿದ್ದ ಹೊಗೆ ಹರಿದು ತುಂಡು ತುಂಡಾಗಿ ಓಣಿ ಓಣಿಗೆ ಇಳಿಯಿತು. ಮಳೆ ಬಂದಾಗ ಒಣಹಾಕಿದ ಬಟ್ಟೆ ತೆಗೆಯಲು ಓಡುವಂತೆ ಜನ ಮನೆಗಳಿಗೆ ಓಡಿದರು, ಓಡಿ ಏನು ಮಾಡುವುದಿತ್ತೋ! “ನೋಡಿದ್ರೇನು? ನಾ ಇಷ್ಟು ದಿನ ಹೊತ್ತೆ, ಈಕಿ ಒಂದು ತಾಸು ಹೊರಲಿಲ್ಲ!” ಎಂದು ಅಂದಾನೆಪ್ಪ ಕೂಗುತ್ತಿದ್ದ. ಸುಳ್ಳೇನಲ್ಲ. ಹೋಗುವವರು ಕಸ್ತೂರೆವ್ವನ ಕಾಲ ಬಳಿ ಉಗಿದು ಹೋದರು. ನಾಳೆ ಕಂಬದ ಕಥೆ ಮುಗಿಸುತ್ತೇವೆ, ಕೊಡಲಿ ಮಸೆದಿಟ್ಟುಕೊಂಡೇ ಬರುತ್ತೇವೆ ಎಂದು ಹೇಳಿಯೇ ಹೋದರು.

ಬೆಳಗಾಗುವ ಮೊದಲೇ ಕಸ್ತೂರೆವ್ವ ಗುಡ್ಡಕ್ಕೆ ಹೊರಟಳು. ಹುಸೇನಬಿ ಬಂದಳು, ಇನ್ನೂ ಒಂದಿಬ್ಬರು ಬಂದರು, ಉಳಿದವರು ಬಾಗಿಲು ತೆರೆಯಲಿಲ್ಲ. ಕೊಡಲಿಯವರು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಕಂಬ ಹತ್ತಿ ಕುಂದರ್ತೀವಿ” ಎಂದಳು ಕಸ್ತೂರೆವ್ವ. ನಾನು ಒಂದು ಏಣಿ, ಎರಡು ಕಸಬರಿಗೆ ತೆಗೆದುಕೊಂಡು ಮೈಲಾರೆಪ್ಪನ ಮನೆಗೆ ಹೋದೆ. ಭಜಿಯ ಹೊಗೆ ಸಣ್ಣ ಹೊಗೆಯಲ್ಲ. ಮಾಳಿಗೆಯ ಮೇಲೆ ಎಣ್ಣೆಯ ವಾಸನೆ ಹೊಡೆಯುತ್ತ ಆಳೆತ್ತರ ಕುಳಿತಿತ್ತು, ಬಳಿಯದಿದ್ದರೆ ಆ ಮನೆಯೂ ಸೀಳುವುದೇ. ಮೈಲಾರೆಪ್ಪ ಆಗಲೇ ಮೇಲೆ ಹತ್ತಿದ್ದ. ಒದ್ದೆ ಕಸಬರಿಗೆ ಪಕ್ಕದಲ್ಲಿ ಬಿದ್ದಿತ್ತು, ಅವನು ಹೊಗೆಯ ಬದಿಯಲ್ಲಿ ಮಂಡಿ ಮಡಚಿ ಕುಳಿತಿದ್ದ.

“ಏಳೋ, ಬಿಸಲು ಏರೂದರೊಳಗ ಬಳಿಯೋಣ” ಎಂದೆ.

“ಹ್ಯಾಂಗ ಬಳೀಲಿ?” ಎಂದು ಅವನು ಕೈ ತೋರಿಸಿದ. ಕರಿ ಹೊಗೆಯ ನಡುವೆ, ಅಲ್ಲೊಂದು ಇಲ್ಲೊಂದು, ಬಿಳಿ ಎಳೆಗಳು ಸೇರಿಕೊಂಡಿದ್ದವು. “ಕರೇದು ಬಳದ್ರ ಅವ್ವನೂ ಹೋಗ್ತಾಳ.”

ನಾನು ಏಣಿಯ ಮೇಲೆಯೇ ನಿಂತು ಸುತ್ತ ನೋಡಿದೆ. ಮಾಳಿಗೆ ಮಾಳಿಗೆಯ ಮೇಲೂ ಜನ ಹತ್ತಿದ್ದರು. ಕೆಲವರು ಬೈಯುತ್ತ ಬಳಿಯುತ್ತಿದ್ದರು. ಆದರೆ ಎಷ್ಟೋ ಮಾಳಿಗೆಗಳ ಮೇಲೆ ಮಂದಿ ಕಸಬರಿಗೆ ಕೆಳಗಿಟ್ಟು ಸುಮ್ಮನೆ ಕುಳಿತಿದ್ದರು. ನಿನ್ನೆ ಕಸ್ತೂರೆವ್ವನ ಕಾಲ ಬಳಿ ಉಗಿದಿದ್ದ ಒಬ್ಬ ಹೊಗೆಗೆ ಹಣೆ ಹಚ್ಚಿ ಅಳುತ್ತಿದ್ದ. ಅವನ ಕೊಡಲಿ ಬಾಗಿಲ ಬಳಿ ಗೋಡೆಗೆ ಒರಗಿಕೊಂಡಿತ್ತು. ಗುಡ್ಡದ ದಾರಿಯಲ್ಲಿ ಯಾರೂ ಇರಲಿಲ್ಲ. ಒಲೆಗಳೂ ಉರಿಯುತ್ತಿರಲಿಲ್ಲ, ಇದ್ದ ಹೊಗೆಯ ಮೇಲೆ ಇನ್ನಷ್ಟು ಕರಿ ಬಂದು ಕೂರುವುದು ಯಾರಿಗೂ ಬೇಕಿರಲಿಲ್ಲ. ಇನ್ನೊಂದು ಚುನಾವಣೆ ಬರುತ್ತದೆ, ಅಂದಾನೆಪ್ಪನಿಗೆ ಇನ್ನೊಂದು ಮಾತು ಹೊಳೆಯುತ್ತದೆ, ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಆ ಬೆಳಗ್ಗೆ ಊರು ಹೀಗೆ ಇತ್ತು.

ಮೈಲಾರೆಪ್ಪ ಕೆಮ್ಮಿದ. ನಾನು ಮೇಲೆ ಹತ್ತಿ ಅವನ ಪಕ್ಕ ಕುಳಿತೆ. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲೆ ಮೊದಲನೆಯ ಕಂಬದ ರೆಕ್ಕೆ ಅಲುಗಿತು, ತಡೆಯಿತು, ಮತ್ತೆ ಅಲುಗಿ ಸುತ್ತತೊಡಗಿತು. ಅವನು ನನ್ನ ಕಡೆ ತಿರುಗಲಿಲ್ಲ, ಹೊಗೆಯ ಕಡೆ ತಿರುಗಿದ.

“ಅವ್ವಾ,” ಎಂದ, “ನಿನ್ನ ಸೊಸಿ ಕಂಬ ತಿರುಗಿತು ನೋಡು.”